‘ವೈಯಕ್ತಿಕ ಕಾರಣ’ ಎಂದು ಬರೆದು ಹೋಗುವವರು

ಸಂಪಾದಕರಿಗೆ,

ಮಾನ್ಯರೇ,

ಆಸ್ಪತ್ರೆ, ಬಟ್ಟೆ ಮಳಿಗೆ, ಬ್ಯಾಂಕ್ ಶಾಖೆ, ಹೋಟೆಲು, ಸಾಫ್ಟ್‌ವೇರ್ ಕಚೇರಿ, ಎಲ್ಲಿಯ ರಾಜೀನಾಮೆ ಪತ್ರ ತೆಗೆದು ನೋಡಿದರೂ ಇರುವುದು ಒಂದೇ ಸಾಲು: ‘ವೈಯಕ್ತಿಕ ಕಾರಣಗಳಿಂದ’. ಸಿಬ್ಬಂದಿ ವಿಭಾಗದವರು ಅದನ್ನು ಹಾಗೆಯೇ ಕಡತಕ್ಕೆ ಸೇರಿಸುತ್ತಾರೆ. ವರ್ಷದ ಕೊನೆಯ ವರದಿಯಲ್ಲೂ ಅದೇ ಬರುತ್ತದೆ. ಮಾಲೀಕರು ‘ಈಗಿನ ಮಕ್ಕಳಿಗೆ ತಾಳ್ಮೆ ಇಲ್ಲ’ ಎಂದು ತೀರ್ಮಾನಿಸಿ ಮತ್ತೊಂದು ಜಾಹೀರಾತು ಕೊಡುತ್ತಾರೆ. ಆದರೆ ಹಾಗೆ ತಾಳ್ಮೆ ಇಲ್ಲವೆನಿಸಿಕೊಂಡು ಬಿಟ್ಟವರೇ ನಾಲ್ಕು ಅಂಗಡಿ ಆಚೆ, ಹೆಚ್ಚುಕಡಿಮೆ ಅದೇ ಸಂಬಳಕ್ಕೆ, ವರ್ಷಗಟ್ಟಲೆ ನಿಲ್ಲುವುದನ್ನು ಮಂಗಳೂರಿನ ಹಂಪನಕಟ್ಟೆಯ ಸುತ್ತಮುತ್ತ ಯಾರು ಬೇಕಾದರೂ ನೋಡಬಹುದು. ಅಲ್ಲಿ ಬದಲಾಗಿರುವುದು ಮೇಲಿರುವ ವ್ಯಕ್ತಿ ಮತ್ತು ಆತ ಕೆಲಸ ಹಂಚುವ ಕ್ರಮ. ಸಿಬ್ಬಂದಿ ಆಡಳಿತ ಮತ್ತು ಕಾರ್ಮಿಕ ಕಾನೂನಿನ ಕೆಲಸದಲ್ಲಿರುವ ನಾವು ಈ ಪತ್ರ ಬರೆಯುತ್ತಿರುವುದು ಮಾಲೀಕರು ಆ ವ್ಯಕ್ತಿಯ ಕಡೆಗೆ ನೋಡಲಿ ಎಂದು. ಹಾಗೆಯೇ, ಬಿಡಲೇಬೇಕಾದವರು ಕೈ ಸುಟ್ಟುಕೊಳ್ಳದೆ ಹೊರಬರಲಿ ಎಂದು.

ಮೊದಲು ಲೆಕ್ಕ ಸರಿಯಾಗಿ ಇಡಬೇಕು. ಬಿಟ್ಟವರ ಸಂಖ್ಯೆಯನ್ನು ಸರಾಸರಿ ಸಿಬ್ಬಂದಿ ಸಂಖ್ಯೆಯಿಂದ ಭಾಗಿಸಿ 100ರಿಂದ ಗುಣಿಸಿದರೆ ವರ್ಷದ ಪ್ರಮಾಣ ಸಿಗುತ್ತದೆ. ಹೆಚ್ಚಿನ ಸಂಸ್ಥೆಗಳು ಇಷ್ಟಕ್ಕೇ ನಿಲ್ಲಿಸುತ್ತವೆ. 40 ಜನರಿರುವ ಒಂದು ಮಳಿಗೆಯಲ್ಲಿ ವರ್ಷಕ್ಕೆ 12 ಮಂದಿ ಬಿಟ್ಟರು ಅನ್ನಿ, ಶೇ 30. ‘ಈ ವ್ಯಾಪಾರದಲ್ಲಿ ಇದೆಲ್ಲ ಇದ್ದದ್ದೇ’ ಎನ್ನಿಸುವ ಅಂಕಿ. ಅದನ್ನೇ ಮೇಲ್ವಿಚಾರಕರ ಹೆಸರಿನ ಕೆಳಗೆ ಬಿಡಿಸಿ ಬರೆಯಿರಿ. 10 ಜನರ ಒಂದು ವಿಭಾಗದಿಂದ 8 ಮಂದಿ, ಉಳಿದ 30 ಜನರಿಂದ 4 ಮಂದಿ ಹೋಗಿದ್ದರೆ ಒಂದು ಕಡೆ ಶೇ 80, ಇನ್ನೊಂದು ಕಡೆ ಶೇ 13. ಇಡೀ ಮಳಿಗೆಯ ಸರಾಸರಿ ಅಡಗಿಸಿದ್ದ ವಿಷಯ ಇದು. ಇದಕ್ಕೆ ದೊಡ್ಡ ಸಾಫ್ಟ್‌ವೇರ್ ಬೇಕಿಲ್ಲ, ಒಂದು ನೋಟ್‌ಪುಸ್ತಕ ಸಾಕು: ಹೆಸರು, ಸೇರಿದ ದಿನ, ಬಿಟ್ಟ ದಿನ, ಯಾರ ಕೈಕೆಳಗಿದ್ದರು, ಕೊನೆಯ ಮೂರು ತಿಂಗಳಲ್ಲಿ ಎಷ್ಟು ರಜೆ ಕೇಳಿದರು, ಎಷ್ಟು ಸಿಕ್ಕಿತು. ಸೇರಿ ಆರು ತಿಂಗಳೊಳಗೆ ಬಿಟ್ಟವರನ್ನು ಬೇರೆಯೇ ಎಣಿಸಿ. ಅವರಲ್ಲಿ ಹೆಚ್ಚಿನವರು ಹೋಗುವುದು ಸೇರುವಾಗ ಹೇಳಿದ ಕೆಲಸ ಒಂದು, ಸೇರಿದ ಮೇಲೆ ಕೊಟ್ಟದ್ದು ಇನ್ನೊಂದು ಎಂಬ ಕಾರಣಕ್ಕೆ. ಮೂರು ನಾಲ್ಕು ವರ್ಷ ದುಡಿದು ಬಿಡುವವರ ಕಾರಣವೇ ಬೇರೆ.

ಬಿಟ್ಟುಹೋಗುವವರೊಂದಿಗೆ ಕೊನೆಯ ದಿನ ನಡೆಸುವ ಮಾತುಕತೆಯಿಂದ ನಿಜ ಹೊರಬರುವುದಿಲ್ಲ. ರಿಲೀವಿಂಗ್ ಲೆಟರ್ ಇನ್ನೂ ಅದೇ ಮೇಲಧಿಕಾರಿಯ ಮೇಜಿನ ಮೇಲಿರುತ್ತದೆ, ಲೆಕ್ಕ ಚುಕ್ತಾ ಆಗಿರುವುದಿಲ್ಲ, ಹೊಸ ಕಡೆಯವರು ವಿಚಾರಿಸಲು ಫೋನ್ ಮಾಡುವುದೂ ಆತನಿಗೇ. ಆ ಸ್ಥಿತಿಯಲ್ಲಿ ‘ಮದುವೆ’, ‘ಅಮ್ಮನಿಗೆ ಹುಷಾರಿಲ್ಲ’, ‘ದೂರ ಆಗುತ್ತದೆ’ ಎನ್ನುವುದೇ ಕ್ಷೇಮ. ಪತ್ರ ಮತ್ತು ಹಣ ಎರಡೂ ಕೈಸೇರಿದ ಆರೆಂಟು ವಾರಗಳ ನಂತರ ಆ ವಿಭಾಗಕ್ಕೆ ಸಂಬಂಧವಿಲ್ಲದವರೊಬ್ಬರು ಫೋನ್ ಮಾಡಿ ಕೇಳಲಿ. ‘ಯಾಕೆ ಬಿಟ್ಟಿರಿ’ ಎಂದು ಕೇಳಿದರೆ ಹಳೆಯ ಉತ್ತರವೇ ಬರುತ್ತದೆ. ‘ಬಿಡಬೇಕೆಂದು ಮೊದಲ ಸಲ ಅನಿಸಿದ್ದು ಯಾವಾಗ, ಆ ದಿನ ಏನಾಗಿತ್ತು’ ಎಂದು ಕೇಳಿ. ಉತ್ತರದಲ್ಲಿ ಒಂದು ದಿನಾಂಕ, ಒಂದು ಘಟನೆ, ಒಬ್ಬರ ಹೆಸರು ಇರುತ್ತದೆ. ಇದಕ್ಕಿಂತ ಒಳ್ಳೆಯದು, ಇರುವವರನ್ನೇ ಸೇರಿದ ಮೂರನೇ ತಿಂಗಳು, ಆರನೇ ತಿಂಗಳು ಕೂರಿಸಿಕೊಂಡು ಕೇಳುವುದು.

ಒಬ್ಬರು ಹೋದರೆ ಎಷ್ಟು ನಷ್ಟ ಎಂಬ ಲೆಕ್ಕವನ್ನೂ ಮಾಲೀಕರು ಮಾಡಲಿ. ತಿಂಗಳಿಗೆ 25,000 ರೂಪಾಯಿ ಸಂಬಳದವರನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಏಜೆನ್ಸಿ ಮೂಲಕ ಹುಡುಕಿದರೆ ವಾರ್ಷಿಕ ಸಂಬಳದ ಶೇ 8.33, ಅಂದರೆ ಒಂದು ತಿಂಗಳ ಸಂಬಳ ಶುಲ್ಕವಾಗಿ ಹೋಗುವುದು ಸಾಮಾನ್ಯ: 25,000. ಹೊಸಬರು ಮೊದಲ ಮೂರು ತಿಂಗಳು ಅರ್ಧದಷ್ಟೇ ಕೆಲಸ ತೆಗೆಯುತ್ತಾರೆಂದರೆ 37,500. ಅವರಿಗೆ ಕಲಿಸಲು 35,000 ಸಂಬಳದ ಹಿರಿಯರೊಬ್ಬರ ದಿನಕ್ಕೊಂದು ಗಂಟೆ, ಎರಡು ತಿಂಗಳು: ಎಂಟು ಸಾವಿರದ ಮೇಲೆ. ಒಟ್ಟು 70,000 ರೂಪಾಯಿ ದಾಟಿತು. ಆ ಸೀಟು ಖಾಲಿ ಇದ್ದಷ್ಟು ದಿನ ಉಳಿದವರು ಎಳೆದ ಹೆಚ್ಚುವರಿ ಕೆಲಸ, ಹಳೆಯ ಮುಖ ಕಾಣದೆ ಬೇರೆ ಕಡೆ ಹೋದ ಗಿರಾಕಿ ಇದರಲ್ಲಿ ಸೇರಿಲ್ಲ. ವರ್ಷಕ್ಕೆ ಎಂಟು ಜನರನ್ನು ಓಡಿಸುವ ಮೇಲ್ವಿಚಾರಕ ಐದೂವರೆ ಲಕ್ಷದ ಖರ್ಚು. ‘ಅವನು ಕೆಲಸ ತೆಗೆಸುತ್ತಾನೆ, ಸ್ವಲ್ಪ ಬಾಯಿ ಜೋರು ಅಷ್ಟೆ’ ಎನ್ನುವ ಮೊದಲು ಈ ಮೊತ್ತ ಕಣ್ಣ ಮುಂದಿರಲಿ.

ಕೆಟ್ಟ ಮೇಲಧಿಕಾರಿಗಳಲ್ಲಿ ಹೆಚ್ಚಿನವರು ಕೆಟ್ಟ ಮನುಷ್ಯರಲ್ಲ ಎಂಬುದನ್ನೂ ಹೇಳಬೇಕು. ಅತಿ ಹೆಚ್ಚು ಸೀರೆ ಮಾರಿದವರನ್ನು ಫ್ಲೋರ್ ಮ್ಯಾನೇಜರ್ ಮಾಡುತ್ತೇವೆ, ಕೈ ಚುರುಕಿನ ನರ್ಸನ್ನು ವಾರ್ಡಿನ ಇನ್‌ಚಾರ್ಜ್ ಮಾಡುತ್ತೇವೆ, ಒಳ್ಳೆಯ ಕೋಡ್ ಬರೆಯುವವರನ್ನು ಟೀಮ್ ಲೀಡ್ ಮಾಡುತ್ತೇವೆ. ಮಾರುವುದು, ಚುಚ್ಚುಮದ್ದು ಕೊಡುವುದು, ಕೋಡ್ ಬರೆಯುವುದು ಅವರಿಗೆ ಗೊತ್ತು. ಹತ್ತು ಜನರಿಗೆ ಡ್ಯೂಟಿ ಹಾಕುವುದು, ತಪ್ಪನ್ನು ತಿದ್ದುವುದು, ಜಗಳ ಬಿಡಿಸುವುದು, ರಜೆ ಇಲ್ಲ ಎನ್ನುವುದು ಬೇರೆಯೇ ವಿದ್ಯೆ. ಅದನ್ನು ಯಾರೂ ಅವರಿಗೆ ಕಲಿಸಿಲ್ಲ. ತಮ್ಮ ಮೇಲಿದ್ದವರು ತಮ್ಮನ್ನು ಹೇಗೆ ನಡೆಸಿಕೊಂಡರೋ ಅದನ್ನೇ ಅವರು ಮುಂದುವರಿಸುತ್ತಾರೆ. ಮೇಲಿನಿಂದ ಬರುವ ಒತ್ತಡವನ್ನು ತಾವು ತಡೆದು ಹಂಚುವ ಬದಲು ಇದ್ದ ಹಾಗೆಯೇ ಕೆಳಗೆ ದಾಟಿಸುತ್ತಾರೆ.

ಒತ್ತಡವೆಂದರೆ ಕೆಲಸ ಜಾಸ್ತಿ ಎಂದಷ್ಟೇ ತಿಳಿಯುವುದು ತಪ್ಪು. ರಾಬರ್ಟ್ ಕರಾಸೆಕ್ ಎಂಬ ಸಂಶೋಧಕರು 1979ರಲ್ಲೇ ತೋರಿಸಿದ ಪ್ರಕಾರ, ಕೆಲಸದ ಭಾರ ಹೆಚ್ಚಿದ್ದು ಆ ಕೆಲಸವನ್ನು ಹೇಗೆ, ಯಾವಾಗ, ಯಾವ ಕ್ರಮದಲ್ಲಿ ಮಾಡಬೇಕೆಂಬ ಅಧಿಕಾರ ಕೈಯಲ್ಲಿಲ್ಲದಿದ್ದಾಗ ಮನುಷ್ಯ ಕುಸಿಯುತ್ತಾನೆ. ಭಾರ ಅಷ್ಟೇ ಇದ್ದು ಹಿಡಿತ ತನ್ನ ಕೈಯಲ್ಲಿದ್ದರೆ ಅದೇ ಕೆಲಸ ಕಲಿಕೆಯಾಗುತ್ತದೆ. ಉಸಿರಾಡಲು ಪುರುಸೊತ್ತಿಲ್ಲದ ತುರ್ತು ಚಿಕಿತ್ಸಾ ಘಟಕದವರು ವರ್ಷಗಟ್ಟಲೆ ನಿಂತು, ಅರ್ಧ ಕೆಲಸವೂ ಇಲ್ಲದ ಬಿಲ್ಲಿಂಗ್ ಕೌಂಟರಿನವರು ತಿಂಗಳುಗಳಲ್ಲಿ ಬಿಡುವುದಕ್ಕೆ ಕಾರಣ ಇಲ್ಲಿದೆ. ಕೆಲಸದ ಭಾರ ಇಳಿಸಲು ದುಡ್ಡು ಬೇಕು, ಜನ ಬೇಕು. ಹಿಡಿತ ಬಿಟ್ಟುಕೊಡಲು ಏನೂ ಖರ್ಚಿಲ್ಲ.

ಹಿಡಿತ ಯಾರ ಕೈಯಲ್ಲಿದೆ ಎಂಬುದು ಮೊದಲು ಕಾಣುವುದು ಡ್ಯೂಟಿ ಪಟ್ಟಿಯಲ್ಲಿ. ನಾಳೆಯ ಪಾಳಿ ಇಂದು ರಾತ್ರಿ ಒಂಬತ್ತಕ್ಕೆ ವಾಟ್ಸ್‌ಆ್ಯಪ್‌ನಲ್ಲಿ ಬರುವ ಕಡೆ ಯಾರಿಗೂ ಮನೆಯ ಕೆಲಸ ಹೊಂದಿಸಲು ಆಗುವುದಿಲ್ಲ. ಎರಡು ವಾರದ ಪಟ್ಟಿ ಮೊದಲೇ ಗೋಡೆಯ ಮೇಲಿರಲಿ. ಇಬ್ಬರು ಪರಸ್ಪರ ಒಪ್ಪಿ ಪಾಳಿ ಬದಲಿಸಿಕೊಂಡರೆ ಇನ್‌ಚಾರ್ಜ್ ಸಹಿ ಹಾಕುವುದಷ್ಟೇ ಉಳಿಯಲಿ. ಪಾಳಿ ತಿರುಗಿಸುವಾಗ ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಎಂಬ ಕ್ರಮ ದೇಹಕ್ಕೆ ಹಗುರ. ರಾತ್ರಿಯಿಂದ ಹಿಂದಕ್ಕೆ ತಿರುಗಿಸಿದರೆ ನಿದ್ದೆ ಕೂಡುವುದೇ ಇಲ್ಲ. ಎಲ್ಲಕ್ಕಿಂತ ಹೆಚ್ಚು ಜನರನ್ನು ಬಳಲಿಸುವುದು ಎರಡು ಪಾಳಿಗಳ ನಡುವಿನ ಅಂತರ. ರಾತ್ರಿ 8ಕ್ಕೆ ಮುಗಿದ ಡ್ಯೂಟಿ, ಹ್ಯಾಂಡ್‌ಓವರ್ ಆಗಿ ಹೊರಬರುವಾಗ 8.45, ದೇರಳಕಟ್ಟೆಯ ಆಸ್ಪತ್ರೆಯಿಂದ ಬಂಟ್ವಾಳ ಕಡೆ ಮನೆ ಇದ್ದವರು ಬಸ್ಸು ಬದಲಿಸಿ ಮುಟ್ಟುವಾಗ 10. ಮರುದಿನ 7ಕ್ಕೆ ಮತ್ತೆ ವಾರ್ಡಿನಲ್ಲಿರಬೇಕಾದರೆ ಏಳುವುದು 4.30ಕ್ಕೆ. ನಿದ್ದೆ ಐದು ಗಂಟೆಯೂ ಇಲ್ಲ, ಆಮೇಲೆ ಔಷಧದ ಪ್ರಮಾಣ ತಪ್ಪಿತೆಂದು ಬೈಗುಳ. ನರ್ಸಿಂಗ್ ಸಿಬ್ಬಂದಿಗೆ ಎರಡು ಪಾಳಿಗಳ ನಡುವೆ ಕನಿಷ್ಠ 12 ಗಂಟೆ ಸತತ ವಿಶ್ರಾಂತಿ ಇರಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1977ರಲ್ಲೇ ಶಿಫಾರಸು ಮಾಡಿದೆ. ಪಟ್ಟಿ ಬರೆಯುವವರು ಈ ಒಂದು ನಿಯಮವನ್ನಾದರೂ ಕಡ್ಡಾಯ ಮಾಡಿಕೊಂಡರೆ ‘ದೂರ ಆಗುತ್ತದೆ’ ಎಂದು ಬರುವ ರಾಜೀನಾಮೆಗಳಲ್ಲಿ ಒಂದಷ್ಟು ಬರುವುದೇ ಇಲ್ಲ.

ರಜೆಯ ವಿಷಯಕ್ಕೆ ಬಂದರೆ ನಮ್ಮ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳದ್ದೇ ಒಂದು ಲೆಕ್ಕವಿದೆ. ದೀಪಾವಳಿ ಕಳೆದು ಮೇ ಕೊನೆಯ ಪತ್ತನಾಜೆಯವರೆಗೆ ದೈವ ದೇವರ ಉತ್ಸವಗಳಾದ ನೇಮ, ಕೋಲ, ಆಯನಗಳ ಕಾಲ. ಕುಟುಂಬದ ಮನೆಯಲ್ಲಿ ದೈವದ ನೇಮವಿದ್ದರೆ ಮಗಳು ಅಳಿಯ ಎಲ್ಲರೂ ಅಲ್ಲಿರಬೇಕು. ಬರದಿದ್ದರೆ ಊರಿಡೀ ಕೇಳುತ್ತದೆ. ಹೊರ ರಾಜ್ಯದಿಂದ ಬಂದ ಮ್ಯಾನೇಜರಿಗೆ ಇದು ‘ಯಾವುದೋ ಪೂಜೆ’. ಊರಿನವರೇ ಆದ ಮ್ಯಾನೇಜರಿಗೂ ಆ ದಿನ ಕೌಂಟರಿನಲ್ಲಿ ಜನ ಬೇಕು. ರಜೆ ಕೇಳಿದಾಗ ‘ನೋಡುವ’ ಎಂದು, ಹಿಂದಿನ ದಿನ ಸಂಜೆ ‘ಆಗುವುದಿಲ್ಲ’ ಎನ್ನುವುದು ಎಲ್ಲ ಕಡೆ ನಡೆಯುವ ತಪ್ಪು. ಹೆಚ್ಚಿನ ಮನೆಗಳಲ್ಲಿ ನೇಮದ ದಿನ ಬಹಳ ಮೊದಲೇ ನಿಗದಿಯಾಗಿರುತ್ತದೆ. ಆದ್ದರಿಂದ ದೀಪಾವಳಿ ಮುಗಿದ ವಾರವೇ ಒಂದು ದೊಡ್ಡ ಹಾಳೆಯಲ್ಲಿ ಮೇ ಕೊನೆಯವರೆಗಿನ ಕ್ಯಾಲೆಂಡರ್ ಬರೆದು ಅಂಟಿಸಿ. ಪ್ರತಿಯೊಬ್ಬರೂ ಬಿಡಲಾಗದ ಎರಡು ದಿನಗಳನ್ನು ಬರೆಯಲಿ. ಹತ್ತು ಜನರ ವಿಭಾಗದಲ್ಲಿ ಒಂದು ದಿನಕ್ಕೆ ಇಬ್ಬರು ಎಂಬ ಮಿತಿ ಇರಲಿ, ಮೂರನೆಯವರು ಬಂದರೆ ಆ ಮೂವರೇ ಮಾತಾಡಿಕೊಳ್ಳಲಿ. ಬರೆದ ದಿನವನ್ನು ಯಾವ ಕಾರಣಕ್ಕೂ ರದ್ದು ಮಾಡಬಾರದು. ರಂಜಾನ್, ಕ್ರಿಸ್ಮಸ್, ಕ್ರೈಸ್ತರ ಸೆಪ್ಟೆಂಬರ್ 8ರ ಮೊಂತಿ ಫೆಸ್ತ್ ಹೀಗೆಯೇ ಮೊದಲೇ ಗೊತ್ತಿರುವ ದಿನಗಳು. ಒಬ್ಬರ ಹಬ್ಬಕ್ಕೆ ಇನ್ನೊಬ್ಬರು ಡ್ಯೂಟಿ ಮಾಡಿಕೊಡುವ ರೂಢಿ ಸಿಬ್ಬಂದಿಯೊಳಗೆ ಇದ್ದೇ ಇದೆ, ಮೇಲಿನವರು ಅದಕ್ಕೆ ಅಡ್ಡ ಬಾರದಿದ್ದರೆ ಸಾಕು. ಉಡುಪಿಯ ಹೋಟೆಲು, ಲಾಡ್ಜಿನವರಿಗೆ ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ಬರುವ ಕೃಷ್ಣ ಮಠದ ಪರ್ಯಾಯ ಉತ್ಸವವೂ ಅನಿರೀಕ್ಷಿತವಲ್ಲ. ಡಿಸೆಂಬರಿನಲ್ಲೇ ತಾತ್ಕಾಲಿಕ ಜನ ಗೊತ್ತುಮಾಡದೆ, ಇದ್ದವರ ವಾರದ ರಜೆ ಕಿತ್ತುಕೊಂಡು ದಾಟಿಸಿದರೆ ಫೆಬ್ರವರಿಯ ಸಂಬಳ ಕೈಗೆ ಬಂದ ಮರುದಿನ ಅಡುಗೆಮನೆ ಖಾಲಿಯಾಗುತ್ತದೆ.

ರಜೆ ಕೊಡುವುದು ಉಪಕಾರವಲ್ಲ ಎಂಬುದೂ ನೆನಪಿರಲಿ. ಅಂಗಡಿ, ಹೋಟೆಲು, ಖಾಸಗಿ ಕಚೇರಿಗಳಿಗೆ ಅನ್ವಯಿಸುವ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ದುಡಿದ ಪ್ರತಿ 20 ದಿನಕ್ಕೆ ಒಂದು ದಿನ ಗಳಿಕೆ ರಜೆ, ಜತೆಗೆ ವರ್ಷಕ್ಕೆ 12 ದಿನ ಕಾಯಿಲೆ ರಜೆ ಇದೆ. ವಾರಕ್ಕೆ 48 ಗಂಟೆ ಮೀರಿದ ಕೆಲಸಕ್ಕೆ ದುಪ್ಪಟ್ಟು ವೇತನ ಕೊಡಬೇಕು. ಸೇರಿದ 30 ದಿನದೊಳಗೆ ನೇಮಕಾತಿ ಪತ್ರ ಕೊಡಬೇಕು. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಮತ್ತು ಇನ್ನೈದು ಹಬ್ಬ ಸೇರಿ ವರ್ಷಕ್ಕೆ 10 ವೇತನಸಹಿತ ರಜೆಗಳು 1963ರ ಬೇರೊಂದು ಕಾಯ್ದೆಯಿಂದ ಬರುತ್ತವೆ. ಹೋಟೆಲುಗಳ ‘ಬ್ರೇಕ್ ಡ್ಯೂಟಿ’ಯಲ್ಲಿ ಬೆಳಗ್ಗೆ 6ರಿಂದ 11, ಮತ್ತೆ ಸಂಜೆ 5ರಿಂದ 9 ಎಂದರೆ ದುಡಿದದ್ದು 9 ಗಂಟೆಯಾದರೂ ದಿನ ಚಾಚಿಕೊಂಡದ್ದು 15 ಗಂಟೆ. ವಿಶ್ರಾಂತಿ ಸೇರಿ 12 ಗಂಟೆ ಮೀರಬಾರದೆಂದು ಅದೇ ಅಂಗಡಿ ಕಾಯ್ದೆ ಹೇಳುತ್ತದೆ. ರಾತ್ರಿ 8ರ ನಂತರ ಹೆಣ್ಣುಮಕ್ಕಳು ದುಡಿಯುವುದಾದರೆ ಅವರ ಒಪ್ಪಿಗೆ ಬೇಕು, ಮನೆಗೆ ಮುಟ್ಟಿಸುವ ವಾಹನವೂ ಬೇಕು. ಕೊನೆಯ ಸಿಟಿ ಬಸ್ಸು ಹೋದ ಮೇಲೆ ಶಟರ್ ಎಳೆಸಿ, ರಿಕ್ಷಾದ ದುಡ್ಡು ಅವರ ಕೈಯಿಂದಲೇ ಹೋಗುವಂತೆ ಮಾಡುವುದನ್ನು ಇನ್ನಾದರೂ ನಿಲ್ಲಿಸಿ.

ಬಟ್ಟೆ, ಚಿನ್ನದ ಮಳಿಗೆಗಳಲ್ಲಿ ಇನ್ನೊಂದು ಹಿಂಸೆ ಇದೆ, ನಿಂತೇ ಇರುವುದು. ಗಿರಾಕಿ ಇಲ್ಲದ ಮಧ್ಯಾಹ್ನವೂ ಕುಳಿತರೆ ಸಿಸಿಟಿವಿಯಲ್ಲಿ ನೋಡಿ ಕ್ಯಾಬಿನ್‌ನಿಂದ ಫೋನ್ ಬರುತ್ತದೆ. ಕಾಲಿನ ನರ ಉಬ್ಬಿ, ಹಿಮ್ಮಡಿ ನೋವು ತಡೆಯಲಾರದೆ ಕೆಲಸ ಬಿಡುವ ಹೆಣ್ಣುಮಕ್ಕಳು ಬರೆಯುವುದೂ ‘ವೈಯಕ್ತಿಕ ಕಾರಣ’ ಎಂದೇ. ತಲಪಾಡಿ ಗಡಿಯಾಚೆ ಕೇರಳದಲ್ಲಿ 2018ರಲ್ಲಿ, ತಮಿಳುನಾಡಿನಲ್ಲಿ 2021ರಲ್ಲಿ ಅಂಗಡಿ ಸಿಬ್ಬಂದಿಗೆ ಕುಳಿತುಕೊಳ್ಳುವ ಹಕ್ಕನ್ನು ಕಾನೂನಿನಲ್ಲೇ ಸೇರಿಸಿದರು. ಇಲ್ಲಿಯ ಮಾಲೀಕರು ಕಾನೂನಿಗೆ ಕಾಯಬೇಕಾಗಿಲ್ಲ. ನಾಲ್ಕು ಜನರಿಗೆ ಎರಡು ಸ್ಟೂಲ್ ಕೌಂಟರಿನ ಹಿಂದೆ ಇಟ್ಟರೆ ಆಯಿತು, ಗಿರಾಕಿ ಬಂದಾಗ ಯಾರೂ ಕುಳಿತೇ ಇರುವುದಿಲ್ಲ.

ಬ್ಯಾಂಕ್ ಮತ್ತು ಹಣಕಾಸು ಸಂಸ್ಥೆಗಳಲ್ಲಿ ಟಾರ್ಗೆಟ್ ಕೇಳುವ ವಿಧಾನವೇ ಜನರನ್ನು ಓಡಿಸುತ್ತಿದೆ. ನಾಲ್ಕಾರು ದೊಡ್ಡ ಬ್ಯಾಂಕುಗಳು ಹುಟ್ಟಿದ ಜಿಲ್ಲೆಗಳು ಇವು. 1928ರಲ್ಲಿ ಪಿಗ್ಮಿ ಠೇವಣಿ ಆರಂಭವಾದದ್ದು ಇಲ್ಲಿಂದ. ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆ ತರುವುದೂ ಗುರಿ ಇಟ್ಟುಕೊಂಡ ಕೆಲಸವೇ ಆಗಿತ್ತು, ಆದ್ದರಿಂದ ಗುರಿಯೇ ಬೇಡ ಎಂದು ನಾವು ಹೇಳುತ್ತಿಲ್ಲ. ಬೆಳಗ್ಗೆ 10ಕ್ಕೆ ವಲಯ ಕಚೇರಿಯ ಕಾನ್ಫರೆನ್ಸ್ ಕಾಲ್, ಮಧ್ಯಾಹ್ನ 2ಕ್ಕೆ ‘ಎಷ್ಟಾಯಿತು’, ಸಂಜೆ 6ಕ್ಕೆ ‘ಯಾಕೆ ಆಗಲಿಲ್ಲ’, ರಾತ್ರಿ ಗ್ರೂಪಿನಲ್ಲಿ ಶಾಖೆಗಳ ಪಟ್ಟಿ, ಕೊನೆಯ ಮೂರು ಹೆಸರಿಗೆ ಕೆಂಪು ಬಣ್ಣ. ಒಂದೇ ಅಂಕಿಯನ್ನು ಮೂರು ಸಲ ಕೇಳಿದರೆ ಅದು ಹೆಚ್ಚಾಗುವುದಿಲ್ಲ. ಅಂಕಿ ತಯಾರಿಸುವುದಕ್ಕೇ ಒಂದೂವರೆ ಗಂಟೆ ಹೋಗುತ್ತದೆ. ಒತ್ತಡ ತಾಳಲಾರದೆ ಸಾಲ ಕೇಳಲು ಬಂದವರ ಕೈಗೆ ಬೇಡದ ವಿಮೆ ತುರುಕುತ್ತಾರೆ, ಆರು ತಿಂಗಳಲ್ಲಿ ದೂರು ಬರುತ್ತದೆ, ಅದಕ್ಕೆ ಉತ್ತರ ಬರೆಯುವವರೂ ಇವರೇ. ವರದಿ ದಿನಕ್ಕೆ ಒಮ್ಮೆ ಸಾಕು. ಶಾಖೆಯ ಊರು, ಜನ, ಹಂಗಾಮು ನೋಡಿ ಗುರಿ ಹಾಕುವಾಗ ಶಾಖೆಯವರನ್ನು ಒಂದು ಮಾತು ಕೇಳಿ. ಗ್ರೂಪಿನಲ್ಲಿ ಹೆಸರು ಹಿಡಿದು ಹೀಯಾಳಿಸುವುದನ್ನು ಬರಹದಲ್ಲೇ ನಿಷೇಧಿಸಿ.

ವಾಟ್ಸ್‌ಆ್ಯಪ್‌ಗೆ ಎಲ್ಲ ಸಂಸ್ಥೆಗಳಲ್ಲೂ ಒಂದು ನಿಯಮ ಬೇಕು. ರಾತ್ರಿ 8ರಿಂದ ಬೆಳಗ್ಗೆ 8ರವರೆಗೆ ಸಂದೇಶವಿಲ್ಲ. ತುರ್ತಾದರೆ ಫೋನ್. ಯಾವುದು ತುರ್ತು ಎಂಬುದನ್ನು ನಾಲ್ಕೈದು ಸಾಲಿನಲ್ಲಿ ಮೊದಲೇ ಬರೆದಿಡಬೇಕು: ರೋಗಿಯ ಸ್ಥಿತಿ, ಸರ್ವರ್ ನಿಂತದ್ದು, ಬೆಂಕಿ, ಕಳವು, ನಾಳೆಯ ಪಾಳಿಗೆ ಜನ ಇಲ್ಲದ್ದು. ‘ನಾಳೆ ಸ್ಟೇಟ್‌ಮೆಂಟ್ ನೆನಪಿಸಿ’ ಎನ್ನುವುದು ಆ ಪಟ್ಟಿಯಲ್ಲಿಲ್ಲ.

ಇನ್ನು ತಪ್ಪು ತಿದ್ದುವ ರೀತಿ. ಗಿರಾಕಿ, ರೋಗಿಯ ಕಡೆಯವರು, ಕಿರಿಯ ಸಹೋದ್ಯೋಗಿಗಳ ಎದುರು ಬೈಸಿಕೊಂಡದ್ದನ್ನು ಯಾರೂ ಮರೆಯುವುದಿಲ್ಲ. ಬಿಡಬೇಕೆಂದು ಮೊದಲು ಅನಿಸಿದ ದಿನ ಯಾವುದೆಂದು ಕೇಳಿದಾಗ ಹೆಚ್ಚಾಗಿ ಹೊರಬರುವುದು ಇಂಥದೇ ದಿನ. ತಿದ್ದುವುದನ್ನು ತಪ್ಪು ಗೊತ್ತಾದ ದಿನವೇ, ಬಾಗಿಲು ಹಾಕಿಕೊಂಡು, ಐದು ನಿಮಿಷದಲ್ಲಿ ಮುಗಿಸಿ. ಏನು ತಪ್ಪಾಯಿತು, ಅದರಿಂದ ಏನಾಯಿತು, ಮುಂದೆ ಹೇಗೆ ಮಾಡಬೇಕು. ‘ನಿನ್ನೆಯ ಬಿಲ್ಲಿನಲ್ಲಿ ಮೇಕಿಂಗ್ ಚಾರ್ಜ್ ಎರಡು ಸಲ ಸೇರಿದೆ, ಗಿರಾಕಿ ವಾಪಸು ಬಂದಿದ್ದಾರೆ, ಪ್ರಿಂಟ್ ತೆಗೆಯುವ ಮೊದಲು ಒಟ್ಟು ಮೊತ್ತ ಓದಿ ಹೇಳಿ’ ಎಂದರೆ ತಿದ್ದುಪಡಿ. ‘ನಿನಗೆ ತಲೆಯೇ ಇಲ್ಲ, ಎಲ್ಲಿಂದ ಬರ್ತೀರಿ ಮಾರಾಯ’ ಎಂದರೆ ಅಲ್ಲಿ ತಿದ್ದುವುದಕ್ಕೆ ಏನೂ ಸಿಗುವುದಿಲ್ಲ. ವಾರಕ್ಕೊಮ್ಮೆ ಪ್ರತಿಯೊಬ್ಬರೊಂದಿಗೆ ಹದಿನೈದು ನಿಮಿಷ ಕೂರುವ ಮೇಲ್ವಿಚಾರಕರಿಗೆ ರಾಜೀನಾಮೆ ಪತ್ರ ಅಚ್ಚರಿಯಾಗಿ ಬರುವುದಿಲ್ಲ. ಸೂಚನೆಗಳು ಮೊದಲೇ ಸಿಗುತ್ತವೆ: ಸೋಮವಾರದ ಒಂದು ದಿನದ ಕಾಯಿಲೆ ರಜೆ ಪದೇ ಪದೇ, ಸಭೆಯಲ್ಲಿ ಮಾತಾಡುತ್ತಿದ್ದವರು ಸುಮ್ಮನಾಗುವುದು, ಹಳೆಯ ಸಂಬಳ ಚೀಟಿ ಮತ್ತು ಅನುಭವ ಪತ್ರ ಕೇಳುವುದು. ಜಗಳವಾಡುತ್ತಿದ್ದವರು ಇದ್ದಕ್ಕಿದ್ದಂತೆ ಎಲ್ಲಕ್ಕೂ ‘ಆಯ್ತು ಸರ್’ ಎನ್ನತೊಡಗಿದರೆ ಅವರು ಆಗಲೇ ಬೇರೆ ಕಡೆ ಮಾತಾಡಿರುತ್ತಾರೆ.

ಆರೋಗ್ಯದ ಮಾತು ಚಿಕ್ಕದಲ್ಲ. ವಾರಕ್ಕೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಲ್ಲಿ, 35–40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು, ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ ಶೇ 17ರಷ್ಟು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಜಂಟಿಯಾಗಿ ಪ್ರಕಟಿಸಿವೆ. ಭಾನುವಾರ ಸಂಜೆಯಿಂದಲೇ ಎದೆ ಡವಗುಟ್ಟುವುದು, ನಸುಕಿನ ಮೂರಕ್ಕೆ ಎಚ್ಚರವಾಗಿ ಮತ್ತೆ ನಿದ್ದೆ ಬಾರದಿರುವುದು, ಮೂವತ್ತರಲ್ಲೇ ರಕ್ತದೊತ್ತಡ, ಮನೆಯಲ್ಲಿ ಮಕ್ಕಳ ಮೇಲೆ ಸಿಡುಕು, ಇವೆಲ್ಲ ಎರಡು ವಾರ ಮೀರಿ ನಿಂತರೆ ಗ್ಯಾಸ್ಟ್ರಿಕ್ ಮಾತ್ರೆ ನುಂಗಿ ತಳ್ಳಬೇಡಿ. ಮಂಗಳೂರಿನ ಸರ್ಕಾರಿ ಆಸ್ಪತ್ರೆ ವೆನ್ಲಾಕ್‌ನಲ್ಲೂ ಉಡುಪಿಯ ಜಿಲ್ಲಾಸ್ಪತ್ರೆಯಲ್ಲೂ ಮನೋವೈದ್ಯರಿದ್ದಾರೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಬದುಕೇ ಬೇಡ ಎನ್ನಿಸುತ್ತಿದ್ದರೆ ನೋಟಿಸ್ ಅವಧಿ, ಬಾಂಡ್ ಯಾವುದನ್ನೂ ಯೋಚಿಸದೆ ಮೊದಲು ಮನೆಯವರಿಗೆ ಹೇಳಿ, ವೈದ್ಯರ ಬಳಿ ಹೋಗಿ. ಸಂಬಳ 21,000 ರೂಪಾಯಿಯೊಳಗಿದ್ದು ಇಎಸ್ಐ (ನೌಕರರ ರಾಜ್ಯ ವಿಮೆ) ಇದ್ದವರಿಗೆ ಕಾಯಿಲೆ ರಜೆಯಲ್ಲಿ ವರ್ಷಕ್ಕೆ 91 ದಿನಗಳವರೆಗೆ ಸಂಬಳದ ಶೇ 70 ಸಿಗುತ್ತದೆ. ಅಷ್ಟು ಬಿಡುವಿನಲ್ಲಿ ಯೋಚಿಸಿ ನಿರ್ಧರಿಸಬಹುದು.

ಬಿಡಲು ತೀರ್ಮಾನಿಸಿದವರಿಗೆ ಕೆಲವು ಮಾತು. ಸಿಟ್ಟಿನ ದಿನ ಬಿಡಬೇಡಿ. ಒಂದು ಪುಸ್ತಕದಲ್ಲಿ ದಿನಾಂಕ, ಸಮಯ, ಏನು ಹೇಳಿದರು, ಯಾರಿದ್ದರು ಎಂದು ನಾಲ್ಕು ವಾರ ಬರೆಯಿರಿ. ಅದನ್ನಿಟ್ಟುಕೊಂಡು ಮೇಲಧಿಕಾರಿಯ ಮೇಲಿನವರಿಗೆ ಒಮ್ಮೆ ಬರಹದಲ್ಲಿ ತಿಳಿಸಿ; ಬೈಗುಳಕ್ಕಿಂತ ಡ್ಯೂಟಿ, ರಜೆ, ಗಂಟೆಗಳ ವಿವರವೇ ಅಲ್ಲಿ ಕೆಲಸ ಮಾಡುತ್ತದೆ. ನೇಮಕಾತಿ ಪತ್ರ, ಸಂಬಳ ಚೀಟಿಗಳು, ಫಾರ್ಮ್ 16, ರಜೆಯ ಬಾಕಿ ತೋರಿಸುವ ಸ್ಕ್ರೀನ್‌ಶಾಟ್ ನಿಮ್ಮ ಸ್ವಂತ ಇಮೇಲ್‌ನಲ್ಲಿರಲಿ. ರೋಗಿಗಳ ಕಡತ, ಗ್ರಾಹಕರ ಪಟ್ಟಿ, ಕೋಡ್ ಮಾತ್ರ ಮುಟ್ಟಬೇಡಿ. ಅದೊಂದನ್ನು ಹಿಡಿದುಕೊಂಡು ನಿಮ್ಮ ದೂರನ್ನೆಲ್ಲ ಮುಚ್ಚಿಹಾಕುತ್ತಾರೆ. ಹೊಸ ಕೆಲಸದ ಆಫರ್ ಲೆಟರ್‌ನಲ್ಲಿ ಸೇರುವ ದಿನಾಂಕ ಬಂದ ಮೇಲೆಯೇ ರಾಜೀನಾಮೆ ಕೊಡಿ. ಅದು ಇಲ್ಲದಿದ್ದರೆ ಮನೆಯ ಮೂರು ತಿಂಗಳ ಖರ್ಚಾದರೂ ಕೈಯಲ್ಲಿರಲಿ.

ರಾಜೀನಾಮೆಯನ್ನು ಇಮೇಲ್‌ನಲ್ಲಿ, ಇಲ್ಲವೇ ಸ್ವೀಕೃತಿ ಸಹಿಯೊಂದಿಗೆ ಕೊಡಿ. ಕೊಟ್ಟ ದಿನ, ನೇಮಕಾತಿ ಪತ್ರದಂತೆ ನೋಟಿಸ್ ಎಷ್ಟು, ಕೊನೆಯ ದಿನ ಯಾವುದು, ಬಾಕಿ ರಜೆ ಎಷ್ಟು, ಯಾರಿಗೆ ಏನು ವಹಿಸಿಕೊಡುತ್ತೀರಿ ಎಂಬುದು ಅದರಲ್ಲಿರಲಿ. ಸಂಬಳದ ಮರುದಿನ ಫೋನ್ ಸ್ವಿಚ್ ಆಫ್ ಮಾಡಿ ಕಾಣೆಯಾಗುವ ರೂಢಿ ಹೋಟೆಲು, ಅಂಗಡಿಗಳಲ್ಲಿ ಬಹಳ ಇದೆ. ಅದರಿಂದ ಬಾಕಿ ಸಂಬಳ, ರಜೆಯ ಹಣ, ಅನುಭವ ಪತ್ರ ಮೂರೂ ಸಿಕ್ಕಿಹಾಕಿಕೊಳ್ಳುತ್ತವೆ. ಕ್ರಮವಾಗಿ ರಾಜೀನಾಮೆ ಕೊಟ್ಟವರ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಚುಕ್ತಾ ಮಾಡಬೇಕೆಂದು 2025ರ ನವೆಂಬರ್ 21ರಿಂದ ಜಾರಿಯಾದ ವೇತನ ಸಂಹಿತೆ ಹೇಳುತ್ತದೆ. ಬಾಂಡ್ ಬರೆದುಕೊಟ್ಟವರು ಅದನ್ನು ಹಗುರವಾಗಿ ಕಾಣಬೇಡಿ. ಮಂಗಳೂರಿನಲ್ಲೇ ಹುಟ್ಟಿದ ವಿಜಯಾ ಬ್ಯಾಂಕಿನ ಪ್ರಕರಣದಲ್ಲಿ, ಮೂರು ವರ್ಷ ತುಂಬುವ ಮೊದಲು ಬಿಟ್ಟರೆ 2 ಲಕ್ಷ ರೂಪಾಯಿ ಕೊಡಬೇಕೆಂಬ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿದಿದೆ. ಹಾಗೆಂದು ಬಾಂಡಿನಲ್ಲಿ ಬರೆದ ಮೊತ್ತವೆಲ್ಲ ತಾನಾಗಿ ವಸೂಲಾಗುವುದಿಲ್ಲ, ಮೊತ್ತ ನ್ಯಾಯಸಮ್ಮತವಾಗಿರಬೇಕು. ಸೇರುವಾಗ ಮೂಲ ಅಂಕಪಟ್ಟಿಗಳನ್ನು ಒತ್ತೆ ಇಡಲು ಯಾರು ಹೇಳಿದರೂ ಇಡಬೇಡಿ. ತೋರಿಸಿ, ಪ್ರತಿ ಕೊಟ್ಟು, ವಾಪಸು ತನ್ನಿ.

ಬಿಡುವ ದಿನವನ್ನು ಗ್ರಾಚ್ಯುಟಿ (ದೀರ್ಘ ಸೇವೆಗೆ ಬಿಡುವಾಗ ಸಿಗುವ ಇಡುಗಂಟು) ನೋಡಿಕೊಂಡು ಆರಿಸಿ. ಕಾಯಂ ನೌಕರರಿಗೆ ಐದು ವರ್ಷ ತುಂಬಬೇಕು. ಕೊನೆಯ ಮೂಲವೇತನ ಮತ್ತು ತುಟ್ಟಿಭತ್ಯೆಯನ್ನು 15ರಿಂದ ಗುಣಿಸಿ, 26ರಿಂದ ಭಾಗಿಸಿ, ಸೇವೆಯ ವರ್ಷಗಳಿಂದ ಗುಣಿಸಬೇಕು. ಮೊತ್ತ 18,000 ಇದ್ದು ಆರು ವರ್ಷ ದುಡಿದಿದ್ದರೆ 62,308 ರೂಪಾಯಿ. ಐದು ವರ್ಷಕ್ಕೆ ಎರಡು ಮೂರು ತಿಂಗಳಿದ್ದರೆ ಬೇರೆ ವಿಭಾಗಕ್ಕೆ ವರ್ಗ ಕೇಳಿಯಾದರೂ ತುಂಬಿಸಿ ಹೊರಡಿ. ಪಿಎಫ್ (ಭವಿಷ್ಯ ನಿಧಿ) ಹಣವನ್ನು ತೆಗೆಯದೆ, ಕೆಲಸ ಬದಲಾದರೂ ಬದಲಾಗದ ಖಾತೆ ಸಂಖ್ಯೆಯಾದ ಅದೇ ಯುಎಎನ್‌ನಲ್ಲಿ ಹೊಸ ಕಡೆಗೆ ವರ್ಗಾಯಿಸಿ. ಪಿಂಚಣಿಗೆ ಒಟ್ಟು 10 ವರ್ಷದ ಸೇವೆ ಬೇಕು. ಪ್ರತಿ ಸಲ ಬಿಟ್ಟಾಗಲೂ ಫಾರ್ಮ್ 10ಸಿ ಹಾಕಿ ಪಿಂಚಣಿಯ ಹಣ ತೆಗೆದವರ ವರ್ಷಗಳು ಮತ್ತೆ ಸೊನ್ನೆಯಿಂದ ಎಣಿಕೆಯಾಗುತ್ತವೆ. ಪಾಸ್‌ಬುಕ್‌ನಲ್ಲಿ ಪ್ರತಿ ತಿಂಗಳ ಜಮಾ ಇದೆಯೇ, ಬಿಟ್ಟ ದಿನಾಂಕ ದಾಖಲಾಗಿದೆಯೇ ನೋಡಿ. ಸಂಸ್ಥೆ ದಾಖಲಿಸದಿದ್ದರೆ ಕೊನೆಯ ಜಮಾ ಆದ ಎರಡು ತಿಂಗಳ ನಂತರ ಪೋರ್ಟಲ್‌ನಲ್ಲಿ ನೀವೇ ದಾಖಲಿಸಬಹುದು.

ದೂರು ಕೊಡುವ ದಾರಿಗಳೂ ಇವೆ. 20 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ, ಎರಡೂ ಕಡೆಯವರು ಸಮಸಂಖ್ಯೆಯಲ್ಲಿರುವ ಕುಂದುಕೊರತೆ ಸಮಿತಿ ಇರಬೇಕು, ಅರ್ಜಿ ಬಂದ 30 ದಿನದೊಳಗೆ ಅದು ತೀರ್ಮಾನಿಸಬೇಕು. ಲೈಂಗಿಕ ಕಿರುಕುಳವಾದರೆ ಘಟನೆಯ ಮೂರು ತಿಂಗಳೊಳಗೆ ಆಂತರಿಕ ಸಮಿತಿಗೆ ಬರೆದು ಕೊಡಬೇಕು. ಹತ್ತಕ್ಕಿಂತ ಕಡಿಮೆ ಜನರಿದ್ದರೆ, ಅಥವಾ ಧಣಿಯ ಮೇಲೆಯೇ ದೂರಾದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ. ಬರೀ ಬೈಗುಳ, ಅವಮಾನಕ್ಕೆಂದೇ ಪ್ರತ್ಯೇಕ ಕಾನೂನು ನಮ್ಮಲ್ಲಿಲ್ಲ; ಆದ್ದರಿಂದಲೇ ಮಾಲೀಕರು ತಾವಾಗಿ ಮಾಡಬೇಕಾದ ಕೆಲಸ ಇಷ್ಟೊಂದು ಉಳಿದಿದೆ.

ಕೆನರಾ ವಾಣಿಜ್ಯ ಮತ್ತು ಕೈಗಾರಿಕಾ ಸಂಸ್ಥೆಯವರು, ಉಡುಪಿಯ ವರ್ತಕರ ಸಂಘಗಳವರು ಹೊಸದಾಗಿ ಮೇಲ್ವಿಚಾರಕರಾದವರಿಗೆ ಎರಡು ದಿನದ ತರಬೇತಿ ಏರ್ಪಡಿಸಬೇಕೆಂದು ಕೋರುತ್ತೇವೆ. ಒಂದು ತಂಡದಲ್ಲಿ 20 ಜನ ಮೀರದಿರಲಿ. ಮೊದಲ ದಿನ ಡ್ಯೂಟಿ ಪಟ್ಟಿ, ರಜೆ ಕ್ಯಾಲೆಂಡರ್, ಕೆಲಸದ ಗಂಟೆಯ ಕಾನೂನು. ಪ್ರತಿಯೊಬ್ಬರೂ ತಮ್ಮದೇ ವಿಭಾಗದ ಮುಂದಿನ ತಿಂಗಳ ಪಟ್ಟಿ ತಂದು ಅಲ್ಲೇ ತಿದ್ದಬೇಕು. ಎರಡನೇ ದಿನ ತಪ್ಪು ತಿದ್ದುವುದು, ರಜೆ ನಿರಾಕರಿಸುವುದು, ಜಗಳ ಬಿಡಿಸುವುದನ್ನು ಇಬ್ಬಿಬ್ಬರಾಗಿ ಮಾಡಿ ನೋಡಬೇಕು. ಭಾಷೆ ಕನ್ನಡ, ತುಳು. ಮೂರು ತಿಂಗಳ ನಂತರ ಅರ್ಧ ದಿನ ಮತ್ತೆ ಕರೆಸಿ, ಪ್ರತಿಯೊಬ್ಬರ ಕೈಕೆಳಗಿನಿಂದ ಈ ನಡುವೆ ಎಷ್ಟು ಜನ ಹೋದರೆಂದು ನೋಡಬೇಕು. ತರಬೇತಿಗೆ ಕಾನೂನಿನ ಭಾಗ ಕಲಿಸಲು, ಡ್ಯೂಟಿ ಪಟ್ಟಿಯ ಮಾದರಿಗಳನ್ನು ಮಾಡಿಕೊಡಲು ನಾವು ಶುಲ್ಕವಿಲ್ಲದೆ ಬರುತ್ತೇವೆ.

ಇತಿ,
ಸಿಬ್ಬಂದಿ ಆಡಳಿತ ಮತ್ತು ಕಾರ್ಮಿಕ ಕಾನೂನು ಕ್ಷೇತ್ರದ ಕೆಲವರು
ಮಂಗಳೂರು